ಗುಡಿ ಕಟ್ಟಿದ ಉಂಗುರ

ಆರಿಸುವ ಕೆಲಸವೆಂಬುದೊಂದು ಈ ಲೋಕದಲ್ಲಿ ಇಲ್ಲದೇ ಹೋಗಿದ್ದರೆ ನನ್ನ ತಲೆಯಲ್ಲಿ ಇನ್ನೂ ಒಂದಿಷ್ಟು ಕೂದಲು ಉಳಿದಿರುತ್ತಿತ್ತು. ನಮ್ಮಪ್ಪ ಜೀವಮಾನದಲ್ಲಿ ಏನನ್ನೂ ಆರಿಸಿದವರಲ್ಲ. ಹೊಲ ಅವರಪ್ಪ ಬಿಟ್ಟುಹೋದದ್ದು, ಹೆಂಡತಿ ಅವರಮ್ಮ ತೋರಿಸಿದ್ದು, ಪಂಚೆ ಅಂಗಡಿಯವನು ಕೈಗೆ ಕೊಟ್ಟದ್ದು. ಊಟಕ್ಕೆ ಕೂತಾಗ ಇವತ್ತು ಸಾರು ಯಾವುದು ಎಂದು ಕೂಡ ಕೇಳುತ್ತಿರಲಿಲ್ಲ; ಮುದ್ದೆ ಮುರಿದು ಅದ್ದಿದರೆ ತಾನೇ ತಿಳಿಯುತ್ತದೆ ಎನ್ನುತ್ತಿದ್ದರು. ಅಂಥ ಸುಖಪುರುಷನ ಮಗನಾಗಿ ಹುಟ್ಟಿದ ನಾನು ಸಂತೆಯಲ್ಲಿ ಬೆಂಡೆಕಾಯಿಗೆ ಹೋದರೆ ಒಂದೊಂದರ ತುದಿಯನ್ನೂ ಮುರಿದು ನೋಡಿ, ಯಾವುದೂ ಒಪ್ಪಿಗೆಯಾಗದೆ, ಮಾರುವವಳಿಂದ ಬೈಸಿಕೊಂಡು, ಬರಿ ಚೀಲ ಹಿಡಿದು ಮನೆಗೆ ಬರುವವನು. ಇದು ಸ್ವಭಾವದ ದೋಷ ಎಂದು ಬಂಧುಗಳು ಹೇಳುತ್ತಾರೆ. ಹಾಗಲ್ಲ, ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡಾಗಿತ್ತು. ಅದರಿಂದಾಗಿ ಒಂದು ಉಂಗುರ ಆರಿಸಲು ಹೋಗಿ ನಾನು ಪಟ್ಟ ಪಾಡನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಸಾಯಲಾರೆ.

ಮಹಾರಾಜರ ಕಾಲದಲ್ಲಿ ನಾನು ಚನ್ನಪಟ್ಟಣದಲ್ಲಿ ರೇಷ್ಮೆ ಮೇಷ್ಟ್ರಾಗಿದ್ದೆ. ಮೇಷ್ಟ್ರು ಎಂದರೆ ಮಕ್ಕಳಿಗೆ ಮಗ್ಗಿ ಹೇಳಿಕೊಡುವವನಲ್ಲ. ಸೈಕಲ್ಲಿನ ಹಿಂದೆ ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿ, ಮೊಟ್ಟೆಯಿಟ್ಟ ರೇಷ್ಮೆಚಿಟ್ಟೆಯನ್ನು ಅಂಗೈಯಗಲದ ಒರಳಿನಲ್ಲಿ ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಕೆಳಗಿಟ್ಟು, ಒಂದು ಕಣ್ಣು ಮುಚ್ಚಿ ನೋಡುವವನು. ಗಂಟುರೋಗದ ಚುಕ್ಕೆ ಕಂಡರೆ ಆ ಮೊಟ್ಟೆಗಳನ್ನು ಸುಡಿಸಬೇಕು. ಏನೂ ಕಾಣದಿದ್ದರೆ, ಸರಿಯಾಗಿ ನೋಡಲಿಲ್ಲವೇನೋ ಎಂದು ಇನ್ನೊಮ್ಮೆ ನೋಡಬೇಕು. ನಾನು ಊರೊಳಕ್ಕೆ ಬಂದರೆ ಹೆಂಗಸರು, "ಸುಡೋ ಮೇಷ್ಟ್ರು ಬಂದ್ರು ಕಣ್ರಮ್ಮೀ" ಎಂದು ಕೂಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಇಂಥ ಕೆಲಸವನ್ನು ವರ್ಷಗಟ್ಟಲೆ ಮಾಡಿದವನ ಕಣ್ಣು ಕೆಡದೆ ಇರುತ್ತದೆಯೆ? ನನ್ನ ಕಣ್ಣು ಸಾಮಾನ್ಯ ರೀತಿಯಲ್ಲಿ ಕೆಡಲಿಲ್ಲ. ನೆಟ್ಟಗಿರುವುದು ಕಾಣಿಸದ ಹಾಗೆ ಕೆಟ್ಟಿತು.

ಈಗ ಕನಕಪುರ ಎನ್ನುವ ಊರಿಗೆ ಆಗ ಕಾನಕಾನಹಳ್ಳಿ ಎಂದು ಹೆಸರು. ಅದರಾಚೆಯ ಕೋಡಿಹಳ್ಳಿಯಲ್ಲಿ ಚಿಕ್ಕೇಗೌಡರೆಂಬ ಹಿಪ್ಪುನೇರಳೆ ತೋಟದ ರೈತರಿದ್ದರು. ಗಂಡು ಮಕ್ಕಳಿಲ್ಲದ ಆ ಮನೆಯಲ್ಲಿ ಹುಳು ಸಾಕುವ ಯಜಮಾನಿಕೆಯೆಲ್ಲ ಹಿರಿಯ ಮಗಳು ಜಯಮ್ಮನದು. ಒಂದು ಸಲ ಅವರ ಮನೆಯ ಮೊಟ್ಟೆಗಳನ್ನು ಸುಡಬೇಕೆಂದು ನಾನು ತೀರ್ಪು ಕೊಟ್ಟಾಗ ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು, "ಮೇಷ್ಟ್ರೇ, ನಮ್ ಚಿಟ್ಟೆ ಚೆನ್ನಾಗವೆ. ನಿಮ್ ಗಾಜೇ ಕೊಳಕಾಗೈತೆ, ಒಸಿ ಒರೆಸ್ಕೊಂಡು ನೋಡಿ" ಅಂದಳು. ಇಲಾಖೆಗೆ ಸೇರಿದ ಮೇಲೆ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಒರೆಸಿಕೊಂಡು ನೋಡಿದೆ. ರೋಗವೇನೋ ಇದ್ದ ಹಾಗೇ ಇತ್ತು. ನನ್ನ ಎದೆ ಮಾತ್ರ ಇದ್ದ ಹಾಗೆ ಇರಲಿಲ್ಲ. ಆಮೇಲೆ ಕೋಡಿಹಳ್ಳಿಗೆ ನನ್ನ ಸೈಕಲ್ಲು ಅಗತ್ಯಕ್ಕಿಂತ ಹೆಚ್ಚಾಗಿ ಹೋಗತೊಡಗಿತು. ಕೊನೆಗೊಂದು ದಿನ ಚಿಕ್ಕೇಗೌಡರು ಮೀಸೆಯಲ್ಲೇ ನಕ್ಕು, "ನಮ್ಮೂರಲ್ಲಿ ಅಷ್ಟೊಂದು ರೋಗ ಐತಾ ಸ್ವಾಮಿ?" ಎಂದು ಕೇಳಿದರು. ನಾನು ನಿಜ ಹೇಳಿಬಿಟ್ಟೆ. ಕುಲ ಗೋತ್ರ ಕೇಳಿದರು, ಸರಿಹೋಯಿತು. ಹೆಣ್ಣನ್ನು ಕೇಳಿದರು, ಆಕೆ ಒಳಕ್ಕೆ ಓಡಿಹೋದಳು. ಒಪ್ಪಿಗೆ ಎಂದು ಹಿರಿಯರು ಅರ್ಥ ಮಾಡಿದರು.

ಇಲ್ಲಿಗೆ ನಿಂತಿದ್ದರೆ ನಾನೂ ನಮ್ಮಪ್ಪನಂತೆ ಸುಖಪುರುಷನಾಗುತ್ತಿದ್ದೆ. ಆದರೆ ಅಪ್ಪ ಅಮ್ಮ ಇಲ್ಲದ ನನಗೆ ಮಾಗಡಿಯಲ್ಲಿ ಒಬ್ಬಳು ಅಕ್ಕನಿದ್ದಳು. ಹಿಂದಿನ ದಸರಾಕ್ಕೆ ಮೈಸೂರಿಗೆ ಹೋದಾಗ ಅವಳು ಯಾರೋ ದೊಡ್ಡವರ ಮನೆಯ ಸೊಸೆಯ ಬೆರಳಿನಲ್ಲಿ ಒಂದು ಉಂಗುರ ಕಂಡುಬಂದಿದ್ದಳು. ಆನೆ, ಅಂಬಾರಿ, ದೀಪ ಎಲ್ಲ ಮರೆತುಹೋಗಿ ಅದೊಂದೇ ಅವಳ ತಲೆಯಲ್ಲಿ ನಿಂತಿತ್ತು. "ಮಧ್ಯದಾಗೆ ಒಂದು ದೊಡ್ಡ ವಜ್ರ ಕಣ್ಲಾ, ಸುತ್ತಾ ಸಾಸಿವೆಯಂಗೆ ಪುಟಾಣಿ ವಜ್ರ. ಚಂದ್ರನ ಸುತ್ತ ಗುಡಿ ಕಟ್ತದಲ್ಲ, ಥೇಟ್ ಅಂಗೇ! ಒಪ್ಪುವೀಳ್ಯದ ದಿವ್ಸ ನಿನ್ನೆಂಡ್ತಿ ಬೆರಳಿಗೆ ಅಂತಾದ್ದೇ ಇಡಬೇಕು." ಒಪ್ಪುವೀಳ್ಯ ಎಂದರೆ ನಮ್ಮ ಕಡೆಯ ನಿಶ್ಚಿತಾರ್ಥ, ಎಲೆಅಡಿಕೆ, ತೆಂಗಿನಕಾಯಿ, ಬೆಲ್ಲದಲ್ಲಿ ಮುಗಿದುಹೋಗುವ ಕೆಲಸ. ಚಂದ್ರ ಗುಡಿ ಕಟ್ಟಿದರೆ ಮಳೆ ಬರುತ್ತದೆ, ಥಂಡಿ ಹುಳಕ್ಕೆ ಒಳ್ಳೆಯದಲ್ಲ ಎಂದು ಹೇಳಿ ನೋಡಿದೆ. "ನಿನ್ ಹುಳದ ಮನೆ ಹಾಳಾಗ" ಎಂದಳು. ಭಾವನ ಮುಖ ನೋಡಿದೆ. ಆ ಮಹಾನುಭಾವರು ಮದುವೆಯಾದ ಹೊಸದರಲ್ಲೇ ಅಭಿಪ್ರಾಯ ಹೇಳುವುದನ್ನು ಬಿಟ್ಟಿದ್ದವರು; ಸೂರಿನ ಕಡೆ ನೋಡಿದರು.

ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಹಯಾತ್ ಸಾಹೇಬರೆಂಬವರು ರೇಷ್ಮೆ ನೂಲು ತೆಗೆಸುತ್ತಿದ್ದರು. ಗೂಡಿನ ವ್ಯವಹಾರದಲ್ಲಿ ಪರಿಚಯ. ಅವರ ಭಾಮೈದ ಬೆಂಗಳೂರಿನ ದಂಡು ಪ್ರದೇಶದಲ್ಲಿ ವಜ್ರದ ಕಲ್ಲಿನ ವ್ಯಾಪಾರಿ. ವಿಷಯ ತಿಳಿದು ಸಾಹೇಬರು ನನಗಿಂತ ಹೆಚ್ಚು ಸಂತೋಷಪಟ್ಟು, ಅಂಥ ಉಂಗುರಗಳನ್ನೇ ತರಿಸಿ, ಕಪ್ಪು ಬಟ್ಟೆಯ ಮೇಲೆ ಹರಡಿ, "ಆರಿಸಿ ಮಾಸ್ಟರ್" ಎಂದರು. ಆ ಒಂದು ಮಾತು ಹೇಳದಿದ್ದರೆ ಎಷ್ಟು ಚೆನ್ನಾಗಿತ್ತು! ಒಂದರಲ್ಲಿ ನಡುವಿನ ಕಲ್ಲು ಎಷ್ಟು ದೊಡ್ಡದೆಂದರೆ ಸುತ್ತಿನವು ಅನ್ನಕ್ಕೆ ಕಾದು ನಿಂತವರ ಹಾಗೆ ಕಾಣುತ್ತಿದ್ದವು. ಇನ್ನೊಂದರಲ್ಲಿ ಸುತ್ತಿನವೇ ಜೋರಾಗಿ, ನಡುವಿನದು ಪಂಚಾಯಿತಿಯಲ್ಲಿ ಸಿಕ್ಕಿಬಿದ್ದ ತಪ್ಪಿತಸ್ಥನ ಹಾಗಿತ್ತು. ಮತ್ತೊಂದರಲ್ಲಿ ನಡುವಿನ ಕಲ್ಲಿಗೂ ಸುತ್ತಿಗೂ ಕೂದಲೆಳೆಯ ಸಂದು. ಇವರಿಬ್ಬರಿಗೆ ಮಾತುಕತೆಯಿಲ್ಲ ಎನ್ನಿಸಿತು. ಒಂದನ್ನು ಕೈಗೆತ್ತಿಕೊಂಡ ತಕ್ಷಣ ಕೆಳಗಿಟ್ಟದ್ದೇ ಚೆನ್ನಾಗಿತ್ತೇನೋ ಎಂಬ ಸಂಶಯ. ಬಂದಿದ್ದ ಗಿರಾಕಿಗಳೆಲ್ಲ ಹೋದರು. ಸಾಹೇಬರು ನಮಾಜಿಗೆ ಎದ್ದು ಹೋಗಿ ಬಂದರು. ನಾನು ಕೂತಲ್ಲೇ ಕೂತಿದ್ದೆ. ಕೊನೆಗೆ ಅವರೇ ಒಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿ, "ವಜ್ರ ಎಲ್ಲಾ ಮನೆಗೂ ಆಗಿಬರೋದಿಲ್ಲ ಮಾಸ್ಟರ್. ಕೆಲವು ದಿನ ಇಟ್ಕೊಂಡು ನೋಡಿ. ಒಳ್ಳೇದಾದ್ರೆ ನಿಮ್ದು, ಕೆಟ್ಟದ್ದಾದ್ರೆ ನಮ್ದು. ಇದರಲ್ಲಿ ದಸ್ತೂರೇ ಹಾಗೆ" ಎಂದು ಕಳಿಸಿಕೊಟ್ಟರು.

ಮನೆಗೆ ಬಂದವನು ಸುಮ್ಮನೆ ಪೆಟ್ಟಿಗೆಯಲ್ಲಿಡಬಹುದಿತ್ತು. ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕ ಇತ್ತು, ಬಿಸಿಲೂ ಚೆನ್ನಾಗಿತ್ತು, ನನ್ನ ಕೈ ಕೇಳಲಿಲ್ಲ. ಹೊರಗಿನಿಂದ ನೀರಿನ ಹನಿಯಂತೆ ನಗುತ್ತಿದ್ದ ಆ ಕಲ್ಲಿನ ಒಳಗೆ ಗಾಜಿನ ಕೆಳಗೆ ನೋಡಿದರೆ ಏನಿತ್ತು ಎನ್ನುತ್ತೀರಿ! ಗೆರೆ, ಮೋಡ, ಒಂದು ಮೂಲೆಯಲ್ಲಿ ಮೂರು ಬೆರಳು ಚಾಚಿದಂತೆ ಕಪ್ಪು ಗುರುತು. ಕಾಗೆ ಕಾಲು! ಕಾಗೆ ಕಾಲಿರುವ ವಜ್ರ ಹೊಕ್ಕ ಮನೆ ಉದ್ಧಾರವಾಗದು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೆ. ಅವರು ಬರಿಗಣ್ಣಿಗೆ ಕಾಣುವ ಕಾಗೆಯ ವಿಷಯ ಹೇಳಿದ್ದು ಎಂಬುದು ನನಗೆ ಹೊಳೆಯಲಿಲ್ಲ. ಮರುದಿನವೇ ಸೈಕಲ್ಲು ಹತ್ತಿ ಕ್ಲೋಸ್‌ಪೇಟೆಗೆ ಹೋಗಿ ವಾಪಸು ಕೊಟ್ಟೆ. ಬೇರೊಂದು ಕೊಟ್ಟರು. ಅದರಲ್ಲಿ ನಡುವಿನ ಕಲ್ಲು ಶುದ್ಧ, ಸುತ್ತಿನದೊಂದು ಬಿರುಕು ಬಿಟ್ಟಿತ್ತು. ಅದಾದ ಮೇಲೆ ಇನ್ನೊಂದು. ಹೀಗೆ ನಾನು ಹೋಗುವುದೂ ಬರುವುದೂ ನಡೆದು, ಹಯಾತ್ ಸಾಹೇಬರು ಒಂದು ದಿನ ಎರಡೂ ಕೈ ಜೋಡಿಸಿ, "ಮಾಸ್ಟರ್, ಆ ಯಂತ್ರದಲ್ಲಿ ನೋಡಿದ್ರೆ ನನ್ನ ಮುಖಾನೂ ಪಾಸಾಗೋದಿಲ್ಲ" ಎಂದರು. ಅವರ ಮುಖದ ಮೇಲೆ ಎಡಗಡೆ ಒಂದು ಗಾಯದ ಗುರುತಿದೆ ಎಂಬುದನ್ನು ಅಷ್ಟು ವರ್ಷದಲ್ಲಿ ನಾನು ಅಂದೇ ಗಮನಿಸಿದೆ.

ಇದ್ದುದರಲ್ಲಿ ಕಡಿಮೆ ಪಾಪ ಮಾಡಿದ ಉಂಗುರವೊಂದನ್ನು ಹಿಡಿದು ಮಾಗಡಿಗೆ ಹೋದೆ. ಗುಣ ನೋಡುವ ಹೊಣೆ ಅಕ್ಕನದು. ಅವಳು ಅದನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಮಾರನೆಯ ಬೆಳಿಗ್ಗೆ ಎಮ್ಮೆ ಕರೆದ ಹಾಲಿನೊಳಕ್ಕೇ ಕಾಲಿಟ್ಟಿತು. ಮಧ್ಯಾಹ್ನ ಭಾವ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ಸೊಂಟ ಹಿಡಿದುಕೊಂಡರು. ಸಂಜೆಯ ಹೊತ್ತಿಗೆ, ಹಿಂದಿನ ಯುಗಾದಿಯಿಂದ ಅಕ್ಕನ ಜೊತೆ ಮಾತು ಬಿಟ್ಟಿದ್ದ ಅವಳ ಅತ್ತೆ ಮತ್ತೆ ಮಾತಾಡಲು ಶುರುಮಾಡಿದರು. ಇದೇ ಎಲ್ಲಕ್ಕಿಂತ ದೊಡ್ಡ ಅನಿಷ್ಟ ಎಂದು ಅಕ್ಕ ಅಡುಗೆಮನೆಗೆ ನನ್ನನ್ನು ಕರೆದು ಅತ್ತಳು. ಈಗ ಪ್ರಶ್ನೆ ಎದ್ದಿತು: ಆಗಿಬಾರದ್ದು ಯಾವ ಕಲ್ಲು? ಒಂದೇ ಕಲ್ಲಾಗಿದ್ದರೆ ಬೈದು ಬಿಸಾಡಬಹುದು. ಇಲ್ಲಿ ಒಂದು ಊರಿನಷ್ಟು ಕಲ್ಲುಗಳು ಕೂಡಿ ಕೂತಿವೆ. ಯಾರು ತಪ್ಪು ಮಾಡಿದವರು, ಯಾರು ಸುಮ್ಮನೆ ಪಕ್ಕದಲ್ಲಿದ್ದವರು? "ಒಂದೊಂದೇ ಕಲ್ಲು ಕೀಳಿಸಿ, ಮತ್ತೆ ಮತ್ತೆ ಇಟ್ಟು ನೋಡಾನ" ಎಂದಳು ಅಕ್ಕ. ಆಗ ಹಾಸಿಗೆಯ ಮೇಲಿಂದ ಭಾವ, ನನ್ನ ನೆನಪಿನಲ್ಲಿ ಮೊದಲ ಸಲ, ಅಭಿಪ್ರಾಯ ಹೇಳಿದರು. "ಅಂಗಾದ್ರೆ ಒಂದೊಂದು ಕಲ್ಲಿಗೂ ನಾನು ಒಂದೊಂದ್ ಸಲ ಬೀಳಬೇಕೇನಮ್ಮಿ?"

ಇಷ್ಟರಲ್ಲಿ ಆಷಾಢ ಹತ್ತಿರವಾಗುತ್ತಿತ್ತು. ಒಪ್ಪುವೀಳ್ಯದ ದಿನವನ್ನು ನಾನು ಉಂಗುರದ ನೆಪ ಹೇಳಿ ಮುಂದಕ್ಕೆ, ಇನ್ನೂ ಮುಂದಕ್ಕೆ ಹಾಕುತ್ತಲೇ ಇದ್ದೆ. ಒಂದು ದಿನ ಚಿಕ್ಕೇಗೌಡರು ಚನ್ನಪಟ್ಟಣದ ನನ್ನ ಕೋಣೆಗೇ ಬಂದರು. ಕೂರಿ ಎಂದರೂ ಕೂರಲಿಲ್ಲ. ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಸ್ವಾಮಿ, ಎಣ್ಣು ಬ್ಯಾಡ ಅಂದ್ರೆ ಬ್ಯಾಡ ಅನ್ಬುಡಿ. ಕಲ್ಲಿನ ಮ್ಯಾಲೆ ಯಾಕೆ ಆಕ್ತೀರಿ?" ಎಂದರು.

"ಅಯ್ಯೋ ಗೌಡರೆ, ಹಾಗಲ್ಲ. ಒಳ್ಳೆಯ ಉಂಗುರ ಹುಡುಕುತ್ತಿದ್ದೇನೆ, ಅಷ್ಟೆ."

"ನಾವೇನು ಉಂಗ್ರ ಕೇಳಿದ್ವಾ ಬುದ್ಧಿ? ಊರಾಗೆ ಎಲ್ಲಾ ಅಂತಾವ್ರೆ, ಮೇಷ್ಟ್ರು ಎಣ್ಣಲ್ಲಿ ಏನೋ ಕಂಡ್ಬುಟ್ಟವ್ರೆ, ಅದ್ಕೇ ಮುಂದಕ್ ತಳ್ತಾವ್ರೆ ಅಂತ. ಮಳವಳ್ಳಿ ಕಡೆಯೋರು ಕೇಳ್ಕೊಂಡು ಬಂದವ್ರೆ. ಅವ್ರಿಗೆ ಏನಂತ ಯೋಳ್ಲಿ?"

ಆ ಮನುಷ್ಯ ರುಮಾಲನ್ನು ಹಿಂಡುತ್ತಿದ್ದ ರೀತಿ ನೋಡಿ ನನಗೆ ನೆಲ ಬಾಯಿಬಿಡಬಾರದೆ ಎನ್ನಿಸಿತು. ನಾಳೆಯೇ ಉಂಗುರದೊಂದಿಗೆ ಬರುತ್ತೇನೆ, ಜಯಮ್ಮನೇ ನೋಡಿ ಒಪ್ಪಲಿ ಎಂದು ಮಾತು ಕೊಟ್ಟೆ.

ಹೋದೆ. ನಾನು ಹೋದ ದಿನ ಎಂಥದ್ದು ನೋಡಿ: ಅವರ ಮನೆಯಲ್ಲಿ ಹುಳು ಹಣ್ಣಾಗಿತ್ತು. ತಿಂದು ಬಲಿತ ಹುಳು ಎಲೆ ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ನೂಲಲು ಜಾಗ ಹುಡುಕುವ ಹೊತ್ತು ಅದು. ಒಂದೊಂದನ್ನೇ ಆಯ್ದು ಚಂದ್ರಿಕೆಗೆ, ಎಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟಿಗೆ, ಬಿಡಬೇಕು. ತಡಮಾಡಿದರೆ ಎಲೆಯ ಕಸದಲ್ಲೇ ನೂತು ಹಾಳಾಗುತ್ತದೆ. ಆ ದಿನ ಆ ಮನೆಗೆ ದೇವರು ಬಂದರೂ ಕೈ ತೊಳೆದು ಹುಳು ಆಯಲು ಕೂರಬೇಕು. ಹಜಾರದಲ್ಲಿ ಜಯಮ್ಮ, ಅವಳ ತಂಗಿ, ಅಜ್ಜಿ ಕೆಂಪಮ್ಮ ಎಲ್ಲರೂ ತಟ್ಟೆಗಳ ಮೇಲೆ ಬಗ್ಗಿದ್ದರು. ನಾನು ಮಾಗಡಿಯಿಂದ ಹಿಂದಕ್ಕೆ ತಂದಿದ್ದ ಅದೇ ಉಂಗುರದ ಡಬ್ಬಿ ತೆರೆದು ಹಿಡಿದು ನಿಂತೆ. ಅಜ್ಜಿ ಒಮ್ಮೆ ನೋಡಿ, "ಗಾಜಾ?" ಎಂದು ಕೇಳಿ ಮತ್ತೆ ಬಗ್ಗಿದಳು.

ಜಯಮ್ಮ ಮಾತ್ರ ಕೈ ಒರೆಸಿಕೊಂಡು ಎದ್ದು ಬಂದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು. "ಚೆಂದಾಗೈತೆ" ಎಂದಳು, ಮೆಲ್ಲಗೆ. ಓದುಗರೇ, ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ, ನನಗೆ ದುಃಖವೂ ಇರುತ್ತಿರಲಿಲ್ಲ.

"ಚೆನ್ನಾಗೇನೋ ಇದೆ. ಸುತ್ತಿನ ಕಲ್ಲೊಂದರಲ್ಲಿ ಒಂದು ಚುಕ್ಕೆ ಇದೆ, ಅಷ್ಟೆ" ಎಂದೆ.

"ಎಲ್ಲೈತೆ? ನಂಗೆ ಕಾಣಾಕಿಲ್ಲ."

"ಬರಿಗಣ್ಣಿಗೆ ಕಾಣುವುದಿಲ್ಲ. ಗಾಜಿನ ಕೆಳಗಿಟ್ಟರೆ ಕಾಣುತ್ತದೆ."

"ಕಾಣ್ದೇ ಇದ್ದಿದ್ದ ನಂಗ್ಯಾಕೆ ಯೋಳಿದ್ರಿ?" ಎಂದಳು. ಮತ್ತೆ ಉಂಗುರ ತಿರುಗಿಸಿ ನೋಡಿದಳು. ಅವಳ ಕಣ್ಣು ಈಗ ಹೊಳಪನ್ನು ನೋಡುತ್ತಿರಲಿಲ್ಲ, ಚುಕ್ಕೆಯನ್ನು ಹುಡುಕುತ್ತಿತ್ತು. ನನ್ನ ರೋಗ ಅವಳಿಗೂ ಅಂಟಿಸಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ನನ್ನನ್ನೇ ನೋಡುತ್ತ, "ನನ್ನಾಗೆ ಏನೇನ್ ಕಂಡೈತೆ ನಿಮ್ಗೆ?" ಎಂದು ಕೇಳಿದಳು.

ಏನೂ ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಪ್ರಶ್ನೆ ಕೇಳಿದರೆ ಮೊದಲು ಪರೀಕ್ಷೆ, ಆಮೇಲೆ ಉತ್ತರ ಎಂಬುದು ನನ್ನ ಅಭ್ಯಾಸ. ನಾನು ನೋಡತೊಡಗಿದೆ. ಕೂದಲಿಗೆ ಸಿಕ್ಕಿಕೊಂಡಿದ್ದ ಹಿಪ್ಪುನೇರಳೆ ಎಲೆಯ ಚೂರು, ಮೂಗಿನ ಪಕ್ಕದ ಮಚ್ಚೆ, ಹುಬ್ಬಿನ ಮೇಲಿನ ಬೆವರು. ಎಲ್ಲವೂ ನನಗೆ ಹಿಡಿಸಿದ್ದೇ. ಯಾವುದರಿಂದ ಹೊಗಳಲು ಶುರುಮಾಡಲಿ ಎಂದು ಆರಿಸುತ್ತಿದ್ದೆ. ಆರಿಸುವುದು ಮುಗಿಯುವುದರೊಳಗೆ ಅವಳ ಮುಖ ಬಾಡಿತು.

"ಇಷ್ಟೊತ್ತು ನೋಡೋವಷ್ಟು ಐತೆ ಅಂದಂಗಾಯ್ತು" ಎಂದಳು. ಉಂಗುರವನ್ನು ನನ್ನ ಅಂಗೈಗೆ ಹಾಕಿದಳು. "ಇವತ್ತು ಕಲ್ಲಾಗೆ ಚುಕ್ಕೆ ಕಂಡೋರು ನಾಳೆ ನನ್ ಮಕದಾಗೆ ಏನ್ ಕಾಣ್ತೀರೋ. ದಿನಾ ನಿಮ್ ಗಾಜಿನ ಕೆಳ್ಗೆ ಬದುಕಾಕೆ ನನ್ ಕೈಲಾಗಾಕಿಲ್ಲ. ಮಳವಳ್ಳಿಯೋರಿಗೆ ಊಂ ಅನ್ಬುಡ್ಲಿ ಅಪ್ಪಯ್ಯ." ಅಷ್ಟು ಹೇಳಿ ತಟ್ಟೆಯ ಮುಂದೆ ಕೂತು ಹುಳು ಆಯತೊಡಗಿದಳು. ಒಂದು ಹುಳುವೂ ಅವಳ ಕೈಯಿಂದ ಕೆಳಗೆ ಬೀಳಲಿಲ್ಲ.

ನಾನು ಕಲ್ಲಿನಂತೆ ನಿಂತಿದ್ದೆ. ಆಗ ಅಜ್ಜಿ ತಲೆಯೆತ್ತದೆಯೇ, "ಏನ್ಲಾ ಮೇಷ್ಟ್ರೇ, ಕಲ್ಲ ಮನೇಲಿ ಮಡೀಕೊಂಡು ಗುಣ ನೋಡ್ತಾರಂತಲ್ಲ?" ಎಂದು ಕೇಳಿದಳು.

"ಹೌದಜ್ಜಿ."

"ಅಂಗಾರೆ ಗಂಡನ್ನೂ ಒಸಿ ಮಡೀಕೊಂಡು ನೋಡಾನ. ಗೂಡು ಕಟ್ಟಿ ಮುಗಿಯೋಗಂಟ ಇಲ್ಲೇ ಇರು. ಆಗ್ಬಂದ್ರೆ ಸರಿ, ಇಲ್ದಿದ್ರೆ ಓಗುವಂತೆ. ಈಗ ಕೈ ತೊಳ್ಕೊಂಡು ಬಾ, ಆಯಾಕೆ ಜನ ಸಾಲ್ದು."

ಹೀಗೆ ನನ್ನ ಪರೀಕ್ಷೆ ಶುರುವಾಯಿತು. ರೇಷ್ಮೆ ಮೇಷ್ಟ್ರೆನಿಸಿಕೊಂಡ ನಾನು ಹಣ್ಣಾದ ಹುಳುವನ್ನು ಕೈಯಲ್ಲಿ ಆಯ್ದವನೇ ಅಲ್ಲ. ಇನ್ನೂ ಬಲಿಯದ ಕಾಯಿಯನ್ನೂ ಹಣ್ಣನ್ನೂ ಒಂದೇ ಚಂದ್ರಿಕೆಗೆ ಬಿಟ್ಟು ಜಯಮ್ಮನ ತಂಗಿ ಎಲ್ಲವನ್ನೂ ಮತ್ತೆ ಆಯುವಂತೆ ಮಾಡಿದೆ. ನೀರು ಸೇದಲು ಹೋದೆ, ಹಗ್ಗ ಹರಿದು ಬಿಂದಿಗೆ ಬಾವಿಗೆ ಬಿತ್ತು. ಬಿಳಿಯ ಎತ್ತು ನನ್ನ ಮುಖ ನೋಡಿ ಮೇವು ಬಿಟ್ಟಿತು. ಅಜ್ಜಿಯ ಎಲೆಅಡಿಕೆ ಚೀಲ ಕಳೆದುಹೋಯಿತು. ಅದರ ಮೇಲೆ ಅವಳೇ ಕೂತಿದ್ದಳೆಂದು ಗೊತ್ತಾದ ಮೇಲೂ ಅದನ್ನು ನನ್ನ ತಲೆಯ ಮೇಲಿಂದ ಇಳಿಸಲಿಲ್ಲ. ಏನಾದರೊಂದು ಕೆಟ್ಟಾಗಲೆಲ್ಲ ಮನೆಮಂದಿಯೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದ ಆ ಉಂಗುರದ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಜಯಮ್ಮ ನನಗೆ ಮುದ್ದೆ ಇಡುತ್ತಿದ್ದಳು, ಸಾರು ಬಿಡುತ್ತಿದ್ದಳು, ಮಾತು ಮಾತ್ರ ಆಡುತ್ತಿರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ನೂಲುವ ಹುಳುವಿಗೆ ಥಂಡಿ ತಗುಲಿದರೆ ಗೂಡು ಕೆಡುತ್ತದೆ. ಚಂದ್ರಿಕೆಗಳನ್ನೆಲ್ಲ ಒಳಗಿನ ಕೋಣೆಗೆ ತಂದು, ಬಾಗಿಲು ಕಿಟಕಿ ಮುಚ್ಚಿ, ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಬೆಚ್ಚಗಿಡಬೇಕಾಯಿತು. ಬೇರೆ ಯಾವುದಕ್ಕೂ ಬಾರದವನೆಂದು ಆ ಕೆಲಸ ನನಗೆ ಬಂತು. ಇದ್ದಿಲು ಹಸಿ. ನಾನು ಊದಿದೆ, ಊದಿದೆ, ಉರಿಗಿಂತ ಹೊಗೆಯೇ ಹೆಚ್ಚು. ಕಣ್ಣು ಮೂಗೆಲ್ಲ ಸುರಿದು ಸೋರುತ್ತಿತ್ತು. ಹೊರಗೆ ಹೋದರೆ ಬೆಂಕಿ ಆರುತ್ತದೆಂಬ ಭಯಕ್ಕೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಮದುವೆಯೂ ಇಲ್ಲ, ಮರ್ಯಾದೆಯೂ ಇಲ್ಲ, ಸೌದೆಯಂತೆ ಹೊಗೆಯಾಡುತ್ತ ಸಾಯುವುದೇ ನನ್ನ ಹಣೆಬರಹ ಎಂದು ನಿಶ್ಚಯಿಸಿಕೊಂಡಿದ್ದಾಗ ಬಾಗಿಲು ಸರಿಯಿತು. ಜಯಮ್ಮ ಹೊಸ್ತಿಲ ಮೇಲೆ ನಿಂತು, "ಎಂಗೈತೆ? ಏನಾರ ಕಾಣ್ತೈತಾ?" ಎಂದಳು. ಗೂಡಿನ ವಿಷಯ ಕೇಳಿದ್ದು.

ಅವಳ ಕಡೆ ತಿರುಗಿದೆ. ಕಣ್ಣು ಬಿಡಲಾಗಲಿಲ್ಲ. "ಏನೂ ಕಾಣಿಸ್ತಿಲ್ಲ ಜಯಮ್ಮ" ಎಂದೆ.

ನಗು ಕೇಳಿಸಿತು. ತಡೆದು ತಡೆದು ಕೊನೆಗೆ ಕಟ್ಟೆ ಒಡೆದ ನಗು. "ಈ ಮಾತ್ನೇ ಆವತ್ತು ಅಂದಿದ್ರೆ ಆಗ್ತಿತ್ತಲ್ಲ!" ಎಂದಳು. ಒಳಗೆ ಬಂದು ನನ್ನ ಕೈಯಿಂದ ಊದುಗೊಳವೆ ಕಿತ್ತುಕೊಂಡು, ಸೆರಗಿನ ತುದಿಯನ್ನು ನನ್ನ ಮುಖದ ಕಡೆ ಎಸೆದು, ತಾನೇ ಊದತೊಡಗಿದಳು.

ಗೂಡು ಬಿಡಿಸಿದ ದಿನ ಅಜ್ಜಿ ತೀರ್ಪು ಹೇಳಿದಳು. "ಕಲ್ಲೂ ಆಗ್ಬರಾಕಿಲ್ಲ, ಗಂಡೂ ಆಗ್ಬರಾಕಿಲ್ಲ. ಕಲ್ಲಾದ್ರೆ ಸಾಬ್ರ ಅಂಗಡಿಗೆ ವಾಪಸ್ ಕೊಡಬೌದು. ಇವನ್ನ ಯಾವ ಅಂಗಡಿಗೆ ಕೊಡಾನ? ಮಡೀಕೊಳ್ರಿ." ಚಿಕ್ಕೇಗೌಡರು ಮಳವಳ್ಳಿಗೆ ಹೇಳಿಕಳಿಸಿದರು. ಆಷಾಢ ಕಳೆದ ಮೇಲೆ ಎಲೆಅಡಿಕೆಯಲ್ಲಿ ಒಪ್ಪುವೀಳ್ಯವಾಯಿತು. ವಜ್ರದ ಉಂಗುರವನ್ನು ಹಯಾತ್ ಸಾಹೇಬರಿಗೆ ವಾಪಸು ಕೊಟ್ಟು, ಜಯಮ್ಮನ ಬೆರಳಿಗೆ ಕಲ್ಲಿಲ್ಲದ ಬರಿ ಚಿನ್ನದ ಉಂಗುರ ಇಟ್ಟೆ. ಅಕ್ಕ ಆ ದಿನವಿಡೀ ಮುಖ ಊದಿಸಿಕೊಂಡಿದ್ದಳು. ಕೋಲೂರಿಕೊಂಡು ಬಂದಿದ್ದ ಭಾವ ಮಾತ್ರ ಎರಡು ಸಲ ಪಾಯಸ ಹಾಕಿಸಿಕೊಂಡರು.

ಇಲ್ಲಿಗೆ ಎಲ್ಲ ಸುಖಾಂತವಾಯಿತು ಎಂದು ನೀವು ತಿಳಿದರೆ, ನೀವು ಮದುವೆಯಾದವರಲ್ಲ. ಇಷ್ಟು ವರ್ಷಗಳಾದರೂ ನಾನು ಹೆಂಡತಿಯ ಮುಖವನ್ನು ನೆಮ್ಮದಿಯಾಗಿ ನೋಡುವ ಹಾಗಿಲ್ಲ. ಹಬ್ಬದ ದಿನ ಹೊಸ ಸೀರೆಯುಟ್ಟಾಗ ಕಣ್ಣು ಒಂದು ಗಳಿಗೆ ನಿಂತರೆ, "ಏನ್ ಕಾಣಿಸ್ತು?" ಎನ್ನುತ್ತಾಳೆ. ತಡಮಾಡಿ ಹೇಳಿದರೆ ಏನೋ ಇದೆ ಎಂದಾಯಿತು. ತಟ್ಟನೆ ಏನೂ ಇಲ್ಲ ಎಂದರೆ, ಮುಚ್ಚಿಡುತ್ತಿದ್ದೇನೆ ಎಂದಾಯಿತು. ಆದ್ದರಿಂದ ಗೋಡೆ ನೋಡುತ್ತ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಗೋಡೆಯಲ್ಲಿ ಬೇಕಾದಷ್ಟು ಬಿರುಕುಗಳಿವೆ.

ಮೊನ್ನೆ ರಾಮನಗರಕ್ಕೆ ಹೋಗಿದ್ದಾಗ ಹಯಾತ್ ಸಾಹೇಬರ ಮನೆಗೆ ಹೋದೆ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಆ ಉಂಗುರ ಏನಾಯಿತು ಎಂದು ಕೇಳಿದೆ. ಬೆಂಗಳೂರಿನ ಯಾವುದೋ ಮನೆಯವರು ಕೊಂಡರಂತೆ. ಅದು ಕಾಲಿಟ್ಟ ಮೇಲೆ ಆ ಮನೆಯ ಹಳೆಯ ವ್ಯಾಜ್ಯ ಗೆದ್ದಿತಂತೆ, ಮಗನಿಗೆ ದೊಡ್ಡ ಕೆಲಸವಾಯಿತಂತೆ, ಮಕ್ಕಳಿಲ್ಲದ ಸೊಸೆಗೆ ಅವಳಿಜವಳಿ ಹುಟ್ಟಿದವಂತೆ. "ಕಲ್ಲಿನಲ್ಲಿ ಏನೂ ದೋಷ ಇರಲಿಲ್ಲ ಮಾಸ್ಟರ್" ಎಂದರು ಸಾಹೇಬರು. "ಮಾಗಡಿಗೆ ಹೋಯ್ತು, ಕೋಡಿಹಳ್ಳಿಗೆ ಹೋಯ್ತು, ಹೋದ ಕಡೆಯೆಲ್ಲ ತೊಂದರೆ ಆಯ್ತು ಅಂತೀರಿ. ನಾನೂ ಬಹಳ ಯೋಚನೆ ಮಾಡಿದೆ. ಹಾಗಾದ್ರೆ ಅದನ್ನ ಎಲ್ಲಾ ಕಡೆಗೂ ಹೊತ್ಕೊಂಡು ಹೋದದ್ದು..." ಎನ್ನುತ್ತ ನನ್ನ ಮುಖ ನೋಡಿ, ಮರ್ಯಾದಸ್ಥರಾದ್ದರಿಂದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಒಳಗಿನಿಂದ ಚಹಾ ತರಿಸಿ ತಾವೇ ಎರಡೂ ಕೈಯಲ್ಲಿ ನನಗೆ ಕೊಟ್ಟರು.

ಏಲಕ್ಕಿ ಹಾಕಿದ ಘಮಘಮ ಚಹಾ. ಅಷ್ಟು ಒಳ್ಳೆಯ ಚಹಾವನ್ನು ನಾನು ಎಲ್ಲೂ ಕುಡಿದಿಲ್ಲ. ಅದನ್ನೇ ಹೇಳಬೇಕೆಂದು ಬಾಯಿ ತೆರೆದೆ. "ಸಾಹೇಬರೆ, ಬಟ್ಟಲಿನ ಅಂಚಿನಲ್ಲಿ ಒಂದು ಸಣ್ಣ ಸೀಳು ಇದೆ, ನೋಡಿದಿರಾ?" ಎಂಬ ಮಾತು ಬಂತು.